ಎಲೆ ತುಂಬಿದೆ, ಗೊಂಚಲಿಲ್ಲ: ದ್ರಾಕ್ಷಿ ಪಡದಲ್ಲಿ ದೋಷ ಹುಡುಕುವ ಬಗೆ

ನವೆಂಬರ್ ಮೊದಲ ವಾರ ಬಂತೆಂದರೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ಆಳಂದದ ಕಡೆಯಿಂದ, ಅಫಜಲಪುರದ ಕಡೆಯಿಂದ, ಒಮ್ಮೊಮ್ಮೆ ಬಸವಕಲ್ಯಾಣದ ಕಡೆಯಿಂದಲೂ ಕರೆ. ಮಾತು ಒಂದೇ: "ಅಣ್ಣಾ, ಚಾಟ್ನಿ ಮಾಡಿ ಇಪ್ಪತ್ತ್ ದಿನ ಆಯ್ತು. ಎಲಿ ನೋಡಿದ್ರ ಕಣ್ಣ ತುಂಬ್ತದ. ಗೊಂಚಲ ಮಾತ್ರ ಇಲ್ಲ. ಏನ್ ಹೊಡೀಲಿ?"

ಚಾಟ್ನಿ ಎಂದರೆ ನಮ್ಮ ಕಡೆ ದ್ರಾಕ್ಷಿ ಕಡ್ಡಿಗೆ ಕತ್ತರಿ ಹಾಕುವುದು. ಏನ್ ಹೊಡೀಲಿ ಎಂದು ಕೇಳಿದರೆ ಔಷಧದ ಅಂಗಡಿಯಲ್ಲಿ ಉತ್ತರ ರೆಡಿ ಇರುತ್ತದೆ, ಬಿಲ್ಲು ಸಮೇತ. ನಾನು ಹೇಳುವುದು ಇಷ್ಟೇ: ಸದ್ಯಕ್ಕೆ ಏನೂ ಹೊಡೀಬ್ಯಾಡ. ಏಪ್ರಿಲ್ ತಿಂಗಳ ಡೈರಿ ತಗಿ. ಡೈರಿ ಇಲ್ಲವೇ? ಡೀಸೆಲ್ ಚೀಟಿ, ಕೂಲಿ ಲೆಕ್ಕ, ಫೋನಿನೊಳಗಿನ ಫೋಟೋ, ಯಾವುದಾದರೂ ಸರಿ. ಖರಡ ಚಾಟ್ನಿ, ಅಂದರೆ ಏಪ್ರಿಲಿನ ಕತ್ತರಿ, ಯಾವ ದಿನ ಹಾಕಿದಿ ಎಂಬುದು ಗೊತ್ತಾಗದೆ ಮುಂದಿನ ಮಾತಿಗೆ ಅರ್ಥವಿಲ್ಲ.

ಮೊದಲು ಯಾವ 'ಇಲ್ಲ' ಎಂದು ನೋಡಿಕೊಳ್ಳಿ

"ಗೊಂಚಲ ಇಲ್ಲ" ಎನ್ನುವ ಒಂದೇ ಮಾತಿನಲ್ಲಿ ನಾಲ್ಕು ಬೇರೆ ಬೇರೆ ದೋಷ ಅಡಗಿರುತ್ತವೆ. ಪಡದೊಳಗೆ ಹೋಗಿ ಒಂದು ಹೊಸ ಚಿಗುರನ್ನು ಕೈಯಲ್ಲಿ ಹಿಡಿದು, ಬುಡದಿಂದ ಎಲೆ ಎಣಿಸುತ್ತ ಹೋಗಿ. ಗೊಂಚಲು ಬರುವ ಜಾಗ ಎಲೆಯ ಎದುರು ಬದಿ. ಸಾಮಾನ್ಯವಾಗಿ ಮೂರು–ನಾಲ್ಕನೇ ಎಲೆಯಿಂದ ಆರನೇ ಎಲೆಯವರೆಗೆ. ಅಲ್ಲಿ ಏನಿದೆ?

ಅಲ್ಲಿ ನಯವಾದ ಕುಡಿಬಳ್ಳಿ ಮಾತ್ರ ಇದ್ದು, ತುದಿ ಕವಲೊಡೆದು ತಂತಿಗೆ ಸುತ್ತಿಕೊಳ್ಳಲು ಹವಣಿಸುತ್ತಿದ್ದರೆ, ಕಣ್ಣಿನೊಳಗೆ, ಅಂದರೆ ಕಡ್ಡಿಯ ಮೇಲೆ ಚಿಗುರೊಡೆಯುವ ಮೊಗ್ಗಿನೊಳಗೆ, ಗೊಂಚಲು ಕಟ್ಟಿಯೇ ಇರಲಿಲ್ಲ ಎಂದರ್ಥ. ತಪ್ಪು ನಡೆದದ್ದು ಮೇ–ಜೂನಿನಲ್ಲಿ.

ಕುಡಿಬಳ್ಳಿಯೇ, ಆದರೆ ಅದರ ಕವೆಯಲ್ಲಿ ಸಾಸಿವೆ ಕಾಳಿಗಿಂತ ಸಣ್ಣ ನಾಲ್ಕಾರು ಮೊಗ್ಗು ಅಂಟಿಕೊಂಡಿವೆಯೇ? ಹಾಗಿದ್ದರೆ ಗೊಂಚಲು ಇತ್ತು. ಚಿಗುರಿದ ಮೇಲೆ ಇಂಗಿ ಕುಡಿಬಳ್ಳಿಯಾಯಿತು. ತಪ್ಪು ಇತ್ತೀಚಿನದು. ಇದೊಂದಕ್ಕೆ ಈಗಲೂ ಸ್ವಲ್ಪ ಇಲಾಜು ಇದೆ.

ಗೊಂಚಲಿದೆ, ಆದರೆ ಕಂದಾಗಿ ಒಣಗಿದೆ, ಬೆಳಗಿನ ಹೊತ್ತು ನೋಡಿದರೆ ಬಿಳಿ ನವಿರು ಇದೆ ಎಂದಾದರೆ ಅದು ಡೌನಿ, ನಮ್ಮ ಪುಸ್ತಕಗಳ ಬೂಜು ತುಪ್ಪಟ ರೋಗ. ಎಲೆಯ ಮೇಲ್ಗಡೆ ಎಣ್ಣೆ ಚೆಲ್ಲಿದಂಥ ಕಲೆ, ಅದೇ ಜಾಗದ ಕೆಳಗಡೆ ಬಿಳಿ ಬೂಜು ಕಂಡರೆ ಅನುಮಾನವೇ ಬೇಡ. ಇದು ಬೇರೆಯೇ ಕಥೆ. ಬೋರ್ಡೋ ದ್ರಾವಣ ಹುಟ್ಟಿದ್ದೇ ಈ ರೋಗಕ್ಕಾಗಿ, 1880ರ ದಶಕದ ಫ್ರಾನ್ಸಿನಲ್ಲಿ.

ನಾಲ್ಕನೆಯದು, ಕಣ್ಣೇ ಒಡೆದಿಲ್ಲ. ಕಡ್ಡಿ ಬೋಳಾಗಿ ನಿಂತಿದೆ. ಇದನ್ನು ಕೊನೆಗೆ ನೋಡೋಣ.

ನನಗೆ ಬರುವ ಕರೆಗಳಲ್ಲಿ ಬಹುಪಾಲು ಮೊದಲನೆಯದೇ. ಹಾಗಾಗಿ ಬರಹದ ಭಾರವೂ ಅದರ ಮೇಲೆಯೇ ಬೀಳುತ್ತದೆ.

ಅಕ್ಟೋಬರಿನ ಪೀಕು ಮೇ ತಿಂಗಳಲ್ಲಿ ಯಾಕೆ ಕಟ್ಟುತ್ತದೆ

ದ್ರಾಕ್ಷಿ ನಮ್ಮ ಊರಿನ ಬಳ್ಳಿಯಲ್ಲ. ಅದರ ತವರು ಕಪ್ಪು ಸಮುದ್ರಕ್ಕೂ ಕ್ಯಾಸ್ಪಿಯನ್ ಸಮುದ್ರಕ್ಕೂ ನಡುವಿನ ಸೀಮೆ. ಜಾರ್ಜಿಯಾದಲ್ಲಿ ಸುಮಾರು 8000 ವರ್ಷ ಹಿಂದಿನ ಮಣ್ಣಿನ ಮಡಕೆಗಳಲ್ಲಿ ದ್ರಾಕ್ಷಾರಸದ ಕುರುಹು ಸಿಕ್ಕಿದೆ. ಅಲ್ಲಿಂದ ಪರ್ಶಿಯಾ, ಅಫ್ಘಾನಿಸ್ತಾನ ದಾಟಿ ಇತ್ತ ಬಂತು. ಬಜಾರಿನಲ್ಲಿ ನಾವು ಅನ್ನುವ ಅಂಗೂರ, ಕಿಶ್ಮಿಶ್ ಎಲ್ಲ ಆ ದಾರಿಯ ಮಾತುಗಳೇ.

ತವರಿನಲ್ಲಿ ಈ ಬಳ್ಳಿಗೆ ಚಳಿಗಾಲವೆಂದರೆ ಗಾಢ ನಿದ್ದೆ. ಬೇಸಿಗೆಯಲ್ಲಿ ಹೊಸ ಕಡ್ಡಿ ಬೆಳೆದು, ಅದರ ಕಣ್ಣುಗಳೊಳಗೆ ಮುಂದಿನ ವರ್ಷದ ಗೊಂಚಲು ಕಟ್ಟಿಟ್ಟು, ಎಲೆ ಉದುರಿಸಿ ಮಲಗುತ್ತದೆ. ಹಿಮ ಕರಗಿದ ಮೇಲೆ ಕಣ್ಣು ಒಡೆದು ಗೊಂಚಲು ಹೊರಬರುತ್ತದೆ. ನಮ್ಮಲ್ಲಿ ಆ ನಿದ್ದೆಯೇ ಇಲ್ಲ. ಕಲಬುರಗಿಯ ಜನವರಿ ಅದಕ್ಕೆ ಚಳಿಯೇ ಅಲ್ಲ, ವರ್ಷವಿಡೀ ಎಲೆ ಬಿಡುತ್ತದೆ. ಅದಕ್ಕೇ ನಾವು ಎರಡು ಸಲ ಕತ್ತರಿ ಹಾಕಿ ಎರಡು ಋತು ಹುಟ್ಟಿಸುತ್ತೇವೆ: ಏಪ್ರಿಲಿನಲ್ಲಿ ಖರಡ ಚಾಟ್ನಿ, ಕಡ್ಡಿ ತಯಾರಿಗೆ, ಅಕ್ಟೋಬರಿನಲ್ಲಿ ಫಲ ಚಾಟ್ನಿ, ಹಣ್ಣಿಗೆ.

ಕಣ್ಣಿನೊಳಗೆ ನಡೆಯುವುದನ್ನು ತಿಳಿದರೆ ಅರ್ಧ ಗೊಂದಲ ತೀರುತ್ತದೆ. ದ್ರಾಕ್ಷಿಯ ಗೊಂಚಲೂ ಕುಡಿಬಳ್ಳಿಯೂ ಒಂದೇ ತಾಯಿಯ ಮಕ್ಕಳು. ಏಪ್ರಿಲ್ ಚಾಟ್ನಿಯಾದ 35ನೇ ದಿನದಿಂದ ಹೆಚ್ಚುಕಮ್ಮಿ 65ನೇ ದಿನದವರೆಗೆ, ಹೊಸ ಕಡ್ಡಿಯ ಒಂದೊಂದು ಕಣ್ಣಿನೊಳಗೂ ಒಂದು ಸಣ್ಣ ಉಬ್ಬು ಮೂಡುತ್ತದೆ. ಆಗ ಆ ಉಬ್ಬಿಗೆ ಹೆಸರಿಲ್ಲ. ಕಣ್ಣಿಗೆ ಬಿಸಿಲು ತಾಗಿ, ಹವೆ ಬೆಚ್ಚಗಿದ್ದು, ಬಳ್ಳಿಯ ಓಟ ಹಿಡಿತದಲ್ಲಿದ್ದರೆ ಅದು ಕವಲೊಡೆದು ಗೊಂಚಲಾಗುತ್ತದೆ. ನೆರಳು, ಮೋಡ, ಯೂರಿಯಾದ ಸೊಕ್ಕು ಇದ್ದರೆ ಕುಡಿಬಳ್ಳಿಯಾಗುತ್ತದೆ. ಗಿಡದೊಳಗಿನ ಹಾರ್ಮೋನುಗಳಲ್ಲಿ ಜಿಬ್ಬರೆಲಿನ್ ಕುಡಿಬಳ್ಳಿಯ ಕಡೆಗೆ ಎಳೆಯುತ್ತದೆ, ಸೈಟೊಕೈನಿನ್ ಗೊಂಚಲಿನ ಕಡೆಗೆ. ಆ ತೀರ್ಮಾನ ಆದ ಮೇಲೆ ಅಕ್ಟೋಬರಿನಲ್ಲಿ ನೀವು ಏನು ಸುರಿದರೂ ಬಳ್ಳಿ ಗೊಂಚಲಾಗಿ ತಿರುಗುವುದಿಲ್ಲ.

ದಿನ ಎಣಿಸಿ

ಏಪ್ರಿಲ್ 10ಕ್ಕೆ ಕತ್ತರಿ ಹಾಕಿದವನಿಗೆ ಆ 35–65 ದಿನ ಎಂದರೆ ಮೇ 15ರಿಂದ ಜೂನ್ 14. ನಮ್ಮ ಕಡೆ ಅದು ಉರಿಬಿಸಿಲು; ಮಳೆ ಬಂದರೂ ಕೊನೆಯ ನಾಲ್ಕು ದಿನ. ಮೇ 5ಕ್ಕೆ ಹಾಕಿದವನಿಗೆ ಜೂನ್ 9ರಿಂದ ಜುಲೈ 9. ಪೂರ್ತಿ ಮೋಡದೊಳಗೆ. ಇಪ್ಪತ್ತೈದು ದಿನದ ಆಲಸ್ಯ ಒಂದು ವರ್ಷದ ಪೀಕು ತಿನ್ನುವುದು ಹೀಗೆ.

ಇದನ್ನು ಕಲಿಯಲು ನಾನು ರೊಕ್ಕ ಕೊಟ್ಟಿದ್ದೇನೆ. ನನ್ನದು ಎರಡೆಕರೆ ಥಾಮ್ಸನ್ ತಳಿಯ ದ್ರಾಕ್ಷಿ. ಒಂದು ವರ್ಷ ಮಾರ್ಚ್ ಕೊನೆಗೆ ಬೋರು ಗಾಳಿ ಉಗುಳತೊಡಗಿತು. ನೀರಿಲ್ಲದೆ ಚಾಟ್ನಿ ಮಾಡಿದರೆ ಚಿಗುರು ಸುಡುತ್ತದೆ, ಇನ್ನೊಂದು ಬೋರು ಕೊರೆಸಿದ ಮೇಲೆ ಮಾಡಿದರಾಯಿತು ಎಂದುಕೊಂಡೆ. ಕತ್ತರಿ ಹಾಕಿದ್ದು ಮೇ 6ಕ್ಕೆ. ಹೊಸ ಬೋರಿನಲ್ಲಿ ಮೂರಿಂಚು ನೀರು. ಖುಷಿಯಲ್ಲಿ ಬಿಟ್ಟೇ ಬಿಟ್ಟೆ. ಜುಲೈಗೆ ಹಂದರ ನೋಡಿ ಓಣಿಯ ಹುಡುಗರು "ಕಾಕಾ, ಈ ಸಲ ನಿಮ್ದೇ ಮಾಲ್" ಅಂದರು. ಅಕ್ಟೋಬರ್ ಚಾಟ್ನಿಯ ನಂತರ ಒಂದು ಗಿಡದ ಮುಂದೆ ಕೂತು ಎಣಿಸಿದೆ: ಕಡ್ಡಿ ಮೂವತ್ತನಾಲ್ಕು, ಗೊಂಚಲು ಆರು. ಪಕ್ಕದ ಗಿಡದಲ್ಲಿ ನಾಲ್ಕು. ಆ ವರ್ಷ ಅಂಗಡಿಯವರೊಬ್ಬರ ಮಾತು ಕೇಳಿ ಎರಡು ಸಲ ಟಾನಿಕ್ ಹೊಡೆದೆ. ಎಲೆ ಇನ್ನಷ್ಟು ಹಸಿರಾಯಿತು.

ನೀರಿನ ಕೊರತೆ ನಮ್ಮ ಜಿಲ್ಲೆಯ ನಿಜವಾದ ಸಂಕಟ, ನೆಪವಲ್ಲ. ಆದರೂ ನನ್ನ ಅಭಿಪ್ರಾಯ ಕೇಳಿದರೆ, ಇರುವ ನೀರಿಗೆ ತಕ್ಕಷ್ಟು ಸಾಲುಗಳನ್ನಾದರೂ ಏಪ್ರಿಲ್ ಮಧ್ಯದೊಳಗೆ ಕತ್ತರಿಸಿ. ಬುಡಕ್ಕೆ ಕಬ್ಬಿನ ರವದಿ ಹಾಸಿ, ಡ್ರಿಪ್ಪು ಅದರ ಕೆಳಗೆ ಬಿಡಿ. ಎರಡೆಕರೆಯನ್ನೂ ಮೇ ತಿಂಗಳಿಗೆ ದೂಡಿ ಎರಡರಲ್ಲೂ ಎಲೆ ಕೊಯ್ಯುವುದಕ್ಕಿಂತ ಒಂದೆಕರೆಯ ಹಣ್ಣು ವಾಸಿ.

ಎಲ್ಲಿ ಇಲ್ಲ ಎಂಬುದನ್ನು ನೋಡಿ

ದಿನಾಂಕ ಸರಿಯಿದ್ದೂ ಗೊಂಚಲಿಲ್ಲ ಎಂದರೆ ಪಡದ ತುಂಬ ಒಂದು ಸುತ್ತು ಹಾಕಿ. ಗೊಂಚಲು ಎಲ್ಲಿದೆ, ಎಲ್ಲಿಲ್ಲ ಎಂಬುದೇ ಅರ್ಧ ಉತ್ತರ. ಹತ್ತು ಗಿಡ ಆರಿಸಿ, ಕಡ್ಡಿ–ಗೊಂಚಲು ಎಣಿಸಿ ಬರೆದುಕೊಳ್ಳಿ.

ಅಂಚಿನ ಸಾಲುಗಳಲ್ಲಿ, ದಾರಿಯ ಬದಿಯಲ್ಲಿ ಗೊಂಚಲಿದ್ದು ಒಳಗೆ ಹೋದಂತೆ ಕಡಿಮೆಯಾದರೆ ದೋಷ ನೆರಳಿನದು. ಅಂಚಿನವಕ್ಕೆ ಪಕ್ಕದಿಂದಲೂ ಬಿಸಿಲು ಸಿಕ್ಕಿರುತ್ತದೆ. ಮೇ ಕೊನೆಯ ವಾರದಲ್ಲಿ ನಡುಮಧ್ಯಾಹ್ನ ಹಂದರದ ಕೆಳಗೆ ನಿಂತು ನೆಲ ನೋಡಿದ್ದು ನೆನಪಿದೆಯೇ? ನೆಲದ ಮೇಲೆ ರೂಪಾಯಿ ನಾಣ್ಯದಷ್ಟು ಬಿಸಿಲಿನ ಚುಕ್ಕೆಗಳು ಕುಣಿಯುತ್ತಿದ್ದರೆ ಸರಿಯಿತ್ತು. ಚಾಪೆ ಹಾಸಿ ಮಲಗುವಷ್ಟು ತಂಪಾಗಿತ್ತೆಂದರೆ ನಿಮಗೆ ಸುಖ, ಕಣ್ಣಿಗಲ್ಲ. ಚಿಗುರು ತೆಗೆಯುವ ಕೂಲಿ ಉಳಿಸಲು ಹೋಗಿ ಒತ್ತೊತ್ತಾಗಿ ಕಡ್ಡಿ ಬಿಟ್ಟವರಿಗೆ ಇದು ಖಾಯಂ.

ಇಡೀ ಪಡದಲ್ಲಿ ಒಂದೇ ಸಮನೆ ಕಡಿಮೆ, ಕಡ್ಡಿಗಳು ಹೆಬ್ಬೆರಳ ಗಾತ್ರ, ಗಂಟಿನಿಂದ ಗಂಟಿಗೆ ಒಂದು ಗೇಣು ಎಂದಾದರೆ ನೀರು, ಸಾರಜನಕ ಜಾಸ್ತಿಯಾಗಿದೆ. ಹಣ್ಣು ಕೊಡುವ ಥಾಮ್ಸನ್ ಕಡ್ಡಿ ಪೆನ್ಸಿಲ್ ದಪ್ಪ ಇದ್ದರೆ ಸಾಕು. ಡಾಗ್‌ರಿಡ್ಜ್ ಬೇರಿನ ಮೇಲೆ ಕಸಿ ಮಾಡಿದ ಪಡಗಳಲ್ಲಿ ಇದು ಬೇಗ ಕೈಮೀರುತ್ತದೆ. ಡಾಗ್‌ರಿಡ್ಜ್ ಟೆಕ್ಸಾಸ್ ಕಡೆಯ ಕಾಡುಬಳ್ಳಿ. ಬರ ತಡೆಯಲಿ, ಸವಳು ತಡೆಯಲಿ ಎಂದೇ ಅದನ್ನು ತಂದದ್ದು, ಸ್ವಭಾವದಲ್ಲಿ ಮಹಾ ಓಟಗಾರ. ಅದರ ಮೇಲೆ ನಮ್ಮ ಎರೆ ಭೂಮಿಯ ಹಸಿ, ಅದರ ಮೇಲೆ ಡ್ರಿಪ್ಪಿನಲ್ಲಿ ಯೂರಿಯಾ. ಬೀದರ್ ಕಡೆಯ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ನೀರು ಬೇಗ ಇಳಿದುಹೋಗುವುದರಿಂದ ಬಳ್ಳಿ ತಾನಾಗಿ ಹಿಡಿತಕ್ಕೆ ಬರುತ್ತದೆ. ಆಳವಾದ ಎರೆಯಲ್ಲಿ ಆ ಹಿಡಿತವನ್ನು ನಾವೇ ಹಾಕಬೇಕು: ಆ ಒಂದು ತಿಂಗಳು ಸಾರಜನಕ ನಿಲ್ಲಿಸಿ, ನೀರು ಇಳಿಸಿ, ರಂಜಕ–ಪೊಟ್ಯಾಶ್ ಕೊಟ್ಟು, ಕುಡಿ ಚಿವುಟಿ.

ಓಟಕ್ಕೆ ಲಗಾಮು ಎಂದು ಸಿಸಿಸಿ (ಕ್ಲೋರ್ಮೆಕ್ವಾಟ್ ಎಂಬ ಬೆಳವಣಿಗೆ ತಡೆಯುವ ರಾಸಾಯನಿಕ) ಹೊಡೆಯುವ ರೂಢಿ ಹಳೆಯದು. 2010ರಲ್ಲಿ ಯುರೋಪಿಗೆ ಹೋದ ನಮ್ಮ ದೇಶದ ದ್ರಾಕ್ಷಿಯಲ್ಲಿ ಇದರ ಉಳಿಕೆ ಸಿಕ್ಕು ಕಂಟೇನರುಗಳು ಅಲ್ಲೇ ನಿಂತವು. ಹೊರದೇಶಕ್ಕೆ ಕಳಿಸುವ ಮನಸ್ಸಿದ್ದವರು ಕತ್ತರಿ, ಬೆರಳುಗಳಿಂದಲೇ ಲಗಾಮು ಹಾಕುವುದು ಕಲಿಯಬೇಕು.

ಅಲ್ಲಲ್ಲಿ ತೇಪೆ ಹಚ್ಚಿದ ಹಾಗೆ ಕಡಿಮೆಯಿದ್ದು, ಆ ತೇಪೆಗಳಲ್ಲೇ ಹಳೆಯ ಎಲೆಯ ಅಂಚು ಸುಟ್ಟಿದ್ದರೆ ನೀರಿನ ಸವಳು ನೋಡಿ. ಮೇ ತಿಂಗಳಲ್ಲಿ ಬೋರು ಇಳಿದಷ್ಟೂ ನೀರು ಉಪ್ಪಾಗುತ್ತದೆ. ನಾಲಿಗೆಗೆ ಗೊತ್ತಾಗುವ ಹೊತ್ತಿಗೆ ಬೇರಿಗೆ ಯಾವಾಗಲೋ ಗೊತ್ತಾಗಿರುತ್ತದೆ. ನೀರಿನ ಇಸಿ (ಉಪ್ಪಿನಂಶ ತಿಳಿಸುವ ವಿದ್ಯುತ್ ವಾಹಕತೆಯ ಅಳತೆ) 1ರ ಒಳಗಿದ್ದರೆ ನಿಶ್ಚಿಂತೆ. ಮಣ್ಣಿನ ಸಾರದ ಇಸಿ 1.5 ದಾಟಿತೆಂದರೆ ಮುಂದಿನ ಪ್ರತಿ ಒಂದು ಅಂಕಕ್ಕೆ ಹತ್ತಿರಹತ್ತಿರ ಶೇ. 10ರಷ್ಟು ಇಳುವರಿ ಇಳಿಯುತ್ತದೆ. ಪೊಟ್ಯಾಶ್ ಕೊರತೆಯಲ್ಲೂ ಹಳೆಯ ಎಲೆಯ ಅಂಚೇ ಸುಡುವುದರಿಂದ ಕಣ್ಣಳತೆಯಲ್ಲಿ ಎರಡನ್ನೂ ಬೇರೆ ಮಾಡಲಾಗದು. ಅದಕ್ಕೆ ಎಲೆ ತೊಟ್ಟಿನ ಪರೀಕ್ಷೆ ಬೇಕು: ಏಪ್ರಿಲ್ ಚಾಟ್ನಿಯ 45ನೇ ದಿನ, ಕಡ್ಡಿಯ ಬುಡದಿಂದ ಐದನೇ ಎಲೆಯ ತೊಟ್ಟು. ಎಲೆ ಚೆಲ್ಲಿ ತೊಟ್ಟು ಮಾತ್ರ ಕಳಿಸಿ. ಸೇಡಂ, ಚಿತ್ತಾಪುರದ ಸುಣ್ಣಕಲ್ಲಿನ ನೆಲದಲ್ಲಿ ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರುಳಿಯುತ್ತದಲ್ಲ, ಅದು ಕಬ್ಬಿಣದ ತಕರಾರು. ಇದರ ಜೊತೆ ಬೆರೆಸಬೇಡಿ.

ಇನ್ನೊಂದು ನಮೂನೆ ಇದೆ, ಯಾರೂ ಹೇಳುವುದಿಲ್ಲ. ನಾಲ್ಕು ಸಾಲು ತುಂಬಿವೆ, ಮುಂದಿನ ನಾಲ್ಕು ಬರಿದು, ಮತ್ತೆ ತುಂಬಿವೆ. ಮಣ್ಣು ಸಾಲು ನೋಡಿ ಬದಲಾಗುವುದಿಲ್ಲ. ಕತ್ತರಿ ಹಿಡಿದ ಕೈ ಬದಲಾಗಿದೆ. ಥಾಮ್ಸನ್ ತಳಿಯಲ್ಲಿ, ಅದರಿಂದಲೇ ಹುಟ್ಟಿದ ತಾಸ್–ಎ–ಗಣೇಶದಲ್ಲೂ, ಕಡ್ಡಿಯ ಬುಡದ ಕಣ್ಣುಗಳಿಗೆ ಗೊಂಚಲು ಕಮ್ಮಿ. ಕಡ್ಡಿಯನ್ನು ಏಳನೇ ಎಲೆಗೆ ಚಿವುಟಿ ಸಬ್‌ಕೇನ್, ಅಂದರೆ ಚಿವುಟಿದಲ್ಲಿಂದ ಮುಂದುವರಿಯುವ ಮರಿಕಡ್ಡಿ, ತೆಗೆದಿದ್ದರೆ ಆ ಚಿವುಟಿದ ಗಂಟಿನ ಆಚೀಚೆ ಫಲದ ಕಣ್ಣು ಕೂಡಿರುತ್ತವೆ, ಗಂಟಿನ ಮುಂದೆ ಒಂದೆರಡು ಕಣ್ಣು ಬಿಟ್ಟು ಕತ್ತರಿಸಬೇಕು. ಗಿಡಕ್ಕಿಷ್ಟು ಎಂದು ಗುತ್ತಿಗೆ ಹಿಡಿದ ಗ್ಯಾಂಗಿನಲ್ಲಿ ಹೊಸ ಹುಡುಗ ಇದ್ದನೆಂದರೆ ಎಲ್ಲವನ್ನೂ ಗಂಟಿನ ಹಿಂದೆ ಕಚಕ್ ಎನ್ನಿಸುತ್ತಾನೆ. ಹಂದರದ ಕೆಳಗೆ ಬಿದ್ದ ತುಂಡುಗಳನ್ನು ಎತ್ತಿ ನೋಡಿ, ನಿಮ್ಮ ಗಂಟು ಅಲ್ಲಿ ಬಿದ್ದಿರಬಹುದು.

ಬ್ಲೇಡಿನಿಂದ ಕಣ್ಣು ಸೀಳಿ ನೋಡುವುದು

ಗಡ್ಡ ಮಾಡಿಕೊಳ್ಳುವ ಹೊಸ ಬ್ಲೇಡು, ಒಂದು ಭೂತಕನ್ನಡಿ ಸಾಕು. ಚಾಟ್ನಿಗೆ ಮೊದಲಿನ ಕಡ್ಡಿ ತೆಗೆದುಕೊಂಡು ಕಣ್ಣನ್ನು ತುದಿಯಿಂದ ಪದರು ಪದರಾಗಿ ಅಡ್ಡಲಾಗಿ ಸವರಿ. ಉಳ್ಳಾಗಡ್ಡಿ ಹೆಚ್ಚಿದಷ್ಟು ತೆಳು. ಕಂದು ಸಿಪ್ಪೆ, ಹತ್ತಿಯಂಥ ನವಿರು ಹೋದ ಮೇಲೆ ಒಳಗೆ ಮೂರು ಹಸಿರು ಚುಕ್ಕೆ ಕಾಣುತ್ತವೆ: ನಡುವೆ ದೊಡ್ಡದು, ಪಕ್ಕಕ್ಕೆ ಎರಡು ಸಣ್ಣವು. ಗೊಂಚಲು ಇರುವುದು ನಡುವಿನದರಲ್ಲಿ. ಆ ನಡುವಿನದು ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗಿ, ಪಕ್ಕದವು ಮಾತ್ರ ಹಸಿರಾಗಿದ್ದರೆ ಮುಖ್ಯ ಕಣ್ಣು ಸತ್ತಿದೆ. ಅಕ್ಟೋಬರಿನಲ್ಲಿ ಪಕ್ಕದ್ದು ಚಿಗುರುತ್ತದೆ, ಎಲೆ ಕೊಡುತ್ತದೆ, ಗೊಂಚಲು ಕೊಡುವುದು ಬಲು ಅಪರೂಪ. ಹೊರಗಿನಿಂದ ನೋಡಿದರೆ ಎಲ್ಲ ಕಣ್ಣೂ ಒಂದೇ ಥರ ಉಬ್ಬಿರುತ್ತವೆ, ಮೋಸವೇ ಅಲ್ಲಿದೆ. ಸೊಕ್ಕಿದ ಬಳ್ಳಿ, ದಟ್ಟ ನೆರಳಿನಲ್ಲಿ ಇದು ಹೆಚ್ಚು.

ಒಂದು ಕಣ್ಣು ನೋಡಿ ತೀರ್ಪು ಕೊಡಬೇಡಿ. ಐದಾರು ಕಡ್ಡಿಯ ಮೂರರಿಂದ ಹತ್ತನೇ ಕಣ್ಣಿನವರೆಗೆ ನೋಡಿ. ಗೊಂಚಲಿನ ಉಬ್ಬನ್ನೇ ಕಾಣಬೇಕೆಂದರೆ ಸೂಕ್ಷ್ಮದರ್ಶಕ ಬೇಕು. ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ನೋಡಿ.

ಕಂಡ ಗೊಂಚಲು ಬಳ್ಳಿಯಾದರೆ

ಕವೆಯಲ್ಲಿ ಮೊಗ್ಗು ಅಂಟಿಕೊಂಡ ಎರಡನೇ ನಮೂನೆಗೆ ಬರೋಣ. ಇಲ್ಲಿ ಏಪ್ರಿಲ್–ಮೇ ಕೆಲಸ ಸರಿಯಾಗಿದೆ, ಗಿಡದ ಬೊಕ್ಕಸ ಖಾಲಿ. ಕೇಳಬೇಕಾದ ಪ್ರಶ್ನೆ: ಆಗಸ್ಟ್–ಸೆಪ್ಟೆಂಬರಿನಲ್ಲಿ ಎಲೆ ಎಷ್ಟು ದಿನ ನಿಂತಿತ್ತು? ಮಳೆಗಾಲದ ಡೌನಿ ಅಥವಾ ಬೂದಿ ರೋಗಕ್ಕೆ ಎಲೆ ಬೇಗ ಉದುರಿದರೆ ಕಡ್ಡಿಯಲ್ಲಿ ಪಿಷ್ಟ ಸೇರುವುದಿಲ್ಲ. ಕಡ್ಡಿ ಮುರಿದು ನೋಡಿ: ತೊಗಟೆ ಕಂದಾಗಿ, ಬಾಗಿಸಿದರೆ ಚಟ್ಟೆಂದು ಮುರಿದರೆ ಪಕ್ವವಾಗಿದೆ, ಹಸಿರಾಗಿ ನುಲಿದರೆ ಇಲ್ಲ. ಪೀಕು ಕೊಯ್ದ ಮೇಲೆ ಔಷಧ ಯಾಕೆ ಎಂದು ಮಳೆಗಾಲದಲ್ಲಿ ಪಂಪು ಮೂಲೆಗಿಟ್ಟವರ ಪಡದಲ್ಲೇ ಇದು ಜಾಸ್ತಿ. ಚಿಗುರಿದ ಮೇಲೆ ನಾಲ್ಕಾರು ದಿನ ಮೋಡ, ಜಡಿಮಳೆ ಹಿಡಿದುಕೊಂಡರೂ ದುರ್ಬಲ ಗೊಂಚಲು ಇಂಗುತ್ತದೆ.

ಮೂರರಿಂದ ಐದು ಎಲೆಯ ಹಂತದಲ್ಲಿ ಕಂಡುಹಿಡಿದರೆ ಸಾರಜನಕ ಕೂಡಲೇ ನಿಲ್ಲಿಸಿ, ನೀರು ಕಡಿಮೆ ಮಾಡಿ, ಗೊಂಚಲಿನ ಮುಂದಿನ ಕುಡಿಯನ್ನು ಉಗುರಿನಿಂದ ಚಿವುಟಿ. ಕುಡಿಗೆ ಹೋಗುತ್ತಿದ್ದ ಊಟ ಗೊಂಚಲಿಗೆ ತಿರುಗುತ್ತದೆ. ಎಲ್ಲವೂ ಉಳಿಯುವುದಿಲ್ಲ, ಒಂದಿಷ್ಟು ಉಳಿಯುತ್ತವೆ. ಎಂಟು ಎಲೆ ದಾಟಿದ ಮೇಲೆ ಮಾಡಿ ಪ್ರಯೋಜನವಿಲ್ಲ.

ಕಣ್ಣೇ ಒಡೆಯದಿದ್ದರೆ

ಕಣ್ಣು ಒಡೆಸಲು ಬಳಿಯುವ ಹೈಡ್ರೋಜನ್ ಸೈನಮೈಡ್ ಬಳಿದದ್ದು ಯಾವಾಗ, ಯಾವ ಕಣ್ಣಿಗೆ ಎಂದು ಕೇಳಿ. ಕತ್ತರಿಸಿದ ಎರಡು ದಿನದೊಳಗೆ ಬಳಿಯಬೇಕು. ತುದಿಯ ಕೆಲವು ಕಣ್ಣುಗಳಿಗೆ ಮಾತ್ರ. ಬಳಿದ ಕೂಡಲೇ ಮಳೆ ಬಿದ್ದಿದ್ದರೆ, ಪ್ರಮಾಣ ತಪ್ಪಿದ್ದರೆ, ಕಣ್ಣು ಆಗಲೇ ಊದಿಕೊಂಡಿದ್ದರೆ ಏರುಪೇರು ಖಂಡಿತ. ಜೊತೆಗೆ ಒಂದು ಎಚ್ಚರಿಕೆ: ಇದನ್ನು ಬಳಿಯುವ ಆಳು ಹಿಂದಿನ ದಿನ, ಆ ದಿನ, ಮುಂದಿನ ಕೆಲವು ದಿನ ಸೆರೆ, ಅಂದರೆ ಮದ್ಯ, ಮುಟ್ಟಬಾರದು. ಮೈ ಕೆಂಪೇರಿ, ಎದೆ ಬಡಿದುಕೊಂಡು ಆಸ್ಪತ್ರೆ ಸೇರುತ್ತಾನೆ. ಕೈಗೆ ರಬ್ಬರ್ ಗವಸು ಕಡ್ಡಾಯ.

ಈ ವರ್ಷ ಏನು ಮಾಡುವುದು

ಗೊಂಚಲು ಕಟ್ಟದ ಪಡಕ್ಕೆ ಮತ್ತೊಮ್ಮೆ ಕತ್ತರಿ ಹಾಕಿ ಹಿಂದಿನ ಕಣ್ಣು ಎಬ್ಬಿಸುತ್ತೇನೆ ಎಂದು ಹೊರಡುವವರಿದ್ದಾರೆ. ಹಿಂದಿನ ಕಣ್ಣುಗಳು ಇನ್ನೂ ಬಂಜೆ. ಬರುವುದು ಮತ್ತೆ ಎಲೆ, ಹೋಗುವುದು ಗಿಡದ ಶಕ್ತಿ. ಇರುವ ಗೊಂಚಲು ಚೆನ್ನಾಗಿ ನೋಡಿಕೊಂಡು, ಎಲೆಗೆ ರೋಗ ಬಾರದಂತೆ ಕಾಯ್ದು, ಗೊಬ್ಬರದ ಖರ್ಚು ಅರ್ಧಕ್ಕಿಳಿಸಿ. ಪೀಕಿನ ಭಾರವಿಲ್ಲದ ಪಡಕ್ಕೆ ದಣಿವೂ ಕಡಿಮೆ. ಮುಂದಿನ ಖರಡ ಚಾಟ್ನಿಯನ್ನು ಏಪ್ರಿಲ್ ಮೊದಲ ವಾರಕ್ಕೇ ಮಾಡಬಹುದು. ನಾನು ಹಾಗೇ ಮಾಡಿದೆ.

ಜೊತೆಗೆ ಅಂದಿನಿಂದ ಒಂದು ರೂಢಿ ಇಟ್ಟುಕೊಂಡಿದ್ದೇನೆ. ಅಕ್ಟೋಬರ್ ಚಾಟ್ನಿಗೆ ಒಂದು ತಿಂಗಳು ಮೊದಲೇ, ಪಡದ ಬೇರೆ ಬೇರೆ ಮೂಲೆಯಿಂದ ಹತ್ತು ಕಡ್ಡಿ ತಂದು, ಒಂದೊಂದು ಕಣ್ಣಿಗೆ ಒಂದೊಂದು ತುಂಡು ಮಾಡಿ, ಎಷ್ಟನೇ ಕಣ್ಣು ಎಂದು ಪೆನ್ನಿನಲ್ಲಿ ಬರೆದು, ಪಡಸಾಲೆಯಲ್ಲಿ ಅಗಲ ಬುಟ್ಟಿಯ ನೀರಿನಲ್ಲಿ ನಿಲ್ಲಿಸುತ್ತೇನೆ. ಎರಡು ದಿನಕ್ಕೊಮ್ಮೆ ನೀರು ಬದಲು. ಎರಡು–ಮೂರು ವಾರಕ್ಕೆ ಚಿಗುರುತ್ತವೆ. ಬೆರಳುದ್ದದ ಚಿಗುರಿನಲ್ಲಿ ಗೊಂಚಲು ಇದೆಯೋ ಬಳ್ಳಿ ಇದೆಯೋ ಬರಿಗಣ್ಣಿಗೇ ಕಾಣುತ್ತದೆ. ಹೋದ ಸಲ ನಮ್ಮ ಮಾವನವರ ಪಡದ ಕಡ್ಡಿ ಹೀಗೆ ಇಟ್ಟಾಗ ಐದನೇ ಕಣ್ಣಿನವರೆಗೆ ಬರೀ ಬಳ್ಳಿ, ಏಳು–ಎಂಟರಲ್ಲಿ ಗೊಂಚಲು. "ಹಂಗಾದ್ರ ಐದಕ್ಕ ಕಡಿಯೂದು ಬ್ಯಾಡೇನ್?" ಅಂದರು. ಗ್ಯಾಂಗಿನ ಮೇಸ್ತ್ರಿಯನ್ನು ಪಡಸಾಲೆಗೆ ಕರೆಸಿ ಬುಟ್ಟಿ ತೋರಿಸಿ, ಒಂಬತ್ತಕ್ಕೆ ಕತ್ತರಿಸಲು ಹೇಳಿದೆವು. ಗಿಡಕ್ಕೆ ಎರಡು ರೂಪಾಯಿ ಹೆಚ್ಚು ಕೇಳಿದ, ಕೊಟ್ಟರು.